ಮನೆಗೂ ಹಲ್ಲು ನೋಡಿದ ಮಾಮಾ

ಎತ್ತಿಗೆ ಹಲ್ಲು ನೋಡುವವರನ್ನು ನೀವು ಕಂಡಿದ್ದೀರಿ. ಕುದುರೆಗೆ ನೋಡುವವರೂ ಉಂಟಂತೆ. ಹೆಣ್ಣು ನೋಡಲು ಬಂದಾಗ ನಗಿಸುವ ನೆಪದಲ್ಲಿ ನನ್ನ ಹಲ್ಲನ್ನೂ ನೋಡಿಕೊಂಡು ಹೋದವರಿದ್ದಾರೆ. ಇರಲಿ, ಅದು ಬೇರೆ ಮಾತು! ಆದರೆ ಬಾಡಿಗೆಗೆ ಹಿಡಿಯುವ ಮನೆಗೆ ಹಲ್ಲು ನೋಡುವ ಮನುಷ್ಯರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಗೋಕಾಕದ ಓಣಿ ಓಣಿಗಳಲ್ಲಿ ಅವರ ಬೆನ್ನು ಹತ್ತಿ ತಿರುಗಿದ್ದೇನೆ. ಆ ಹೊತ್ತಿನಲ್ಲಿ ಭೂಮಿತಾಯಿ ಬಾಯಿ ಬಿಟ್ಟಿದ್ದರೆ, ಅವಳ ಹಲ್ಲು ಕೂಡ ನೋಡದೆ ಒಳಗೆ ಹೋಗಿಬಿಡುತ್ತಿದ್ದೆ!

ಅವರು ನಮ್ಮ ಮನೆಯವರ ಸೋದರಮಾವ. ಮೂಡಲಗಿಯವರು. ತಲೆಗೆ ಕೆಂಪು ರುಮಾಲು, ಹೆಗಲ ಮೇಲೆ ಹೊದೆಯಲು ಒಂದು ಹಳೆಯ ವಲ್ಲಿ, ಕಾಲಲ್ಲಿ ಅರ್ಧ ಓಣಿಗೆ ಕೇಳುವಂತೆ ಜಿರ್ ಎನ್ನುವ ಚಪ್ಪಲಿ. ಉದ್ಯೋಗ ದನದ ಪೇಟೆಯಲ್ಲಿ ದಲಾಲಿ. ದಲಾಲರೆಂದರೆ ಹೇಗಿರುತ್ತಾರೆ, ನಿಮಗೆ ಗೊತ್ತೇ ಇದೆ. ಮುದಿ ಎತ್ತಿನ ಕೋಡಿಗೆ ಎಣ್ಣೆ ತಿಕ್ಕಿ, ಹಣೆಗೆ ಗೊಂಡೆ ಕಟ್ಟಿ, ‘ಇನ್ನ ಕರಾ ಐತ್ರಿ’ ಎಂದು ಮಾರುವ ಜನ. ನಮ್ಮ ಮಾಮಾ ಇದಕ್ಕೆ ತೀರ ತಿರುವುಮುರುವು. ಕೊಳ್ಳುವವನು ಬಾಯಿ ತೆರೆಯುವ ಮೊದಲೇ ಇವರು ಎತ್ತಿನ ಚರಿತ್ರೆ ಬಿಚ್ಚುವರು: “ನೋಡ್ರಿ ಗೌಡ್ರ, ಎಡಗಡೆ ನಿಂತ್ರ ಒದಿತೈತಿ. ಕೆಂಪು ಸೀರಿ ಕಂಡ್ರ ಹಾಯಾಕ ಬರತೈತಿ. ಮಧ್ಯಾಹ್ನ ಆದ್ಮ್ಯಾಲ ಗಳೇದಾಗ ಮಲಗಿಬಿಡತೈತಿ. ಉಳದದ್ದೆಲ್ಲಾ ಬಂಗಾರದಂಥಾದ್ದು.” ಉಳಿಯುವುದು ಏನು ಮತ್ತೆ, ಬಾಲವೇ? ಗೌಡರು ಮೀಸೆಯಲ್ಲಿ ನಕ್ಕು ಮುಂದಿನ ಎತ್ತಿನ ಕಡೆಗೆ ಹೋಗುವರು. ಮಾಮಾ ತಂದ ಎತ್ತನ್ನೇ ಹೊಡೆದುಕೊಂಡು ತಿರುಗಿ ಮನೆಗೆ ಬರುವರು. ಪೇಟೆಗೆ ಹೋಗಿ ಬರುವುದು ಆ ಎತ್ತುಗಳಿಗೆ ಜಾತ್ರೆಗೆ ಹೋಗಿ ಬಂದ ಹಾಗಾಗಿತ್ತು!

ಇಂಥವರ ಕೈಯಲ್ಲಿ ಮನೆ ಹುಡುಕಿಸುವ ಬುದ್ಧಿ ಯಾರಿಗೆ ಬಂತು ಎಂದು ಕೇಳುತ್ತೀರೇನು? ನನಗೇ ಬಂತು. ಬೇರೆ ಯಾರಿಗೂ ಇಂಥ ಬುದ್ಧಿ ಬರಲಾರದು.

ಆಗಿದ್ದೇನೆಂದರೆ, ನಮ್ಮ ಮನೆಯವರಿಗೆ ಗೋಕಾಕದಲ್ಲಿ ಸಾಲಿ ಮಾಸ್ತರಿಕೆ ಸಿಕ್ಕಿತ್ತು. ನಾನು ಹೆರಿಗೆಗೆಂದು ತುಕ್ಕಾನಟ್ಟಿಯ ತವರಿಗೆ ಬಂದವಳು, ಮಗಳು ಹುಟ್ಟಿ ಆರು ತಿಂಗಳಾದರೂ ಅಲ್ಲೇ ಇದ್ದೆ. ಅವರು ಅಲ್ಲಿ ಒಂದು ಮಠದ ಪಡಸಾಲೆಯಲ್ಲಿ ಮಲಗಿ, ಕೈಯಾರೆ ರೊಟ್ಟಿ ತಟ್ಟಿಕೊಂಡು ತಿನ್ನುತ್ತಿದ್ದರು. ಆ ರೊಟ್ಟಿಯ ಒಂದು ತುಣುಕನ್ನು ನನಗೆ ತೋರಿಸಲೆಂದು ತಂದಿದ್ದರು. ನಮ್ಮ ಅಣ್ಣ ಅದನ್ನು ಬಾಗಿಲಿಗೆ ಅಡ್ಡ ಇಡಲು ಬಹಳ ದಿನ ಬಳಸಿದ. ಅಷ್ಟರಲ್ಲಿ ನನ್ನ ತಂಗಿಯೂ ದಿನ ತುಂಬಿ ತವರಿಗೆ ಬರುವವಳಿದ್ದಳು. ಇದ್ದದ್ದು ಒಂದೇ ಬಾಣಂತಿ ಕೋಣೆ. ಅವ್ವ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ದಿನಾಲು ಆ ಕೋಣೆಯ ಹೊರಸು ಮಂಚವನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ ದಾಟಿದರೆ ಆಷಾಢ. ಆಷಾಢದಲ್ಲಿ ಹೊಸ ಮನೆ ಹೊಗುವ ಹಾಗಿಲ್ಲ. ಅಮಾವಾಸ್ಯೆಯ ಒಳಗೆ ಮನೆ ಸಿಗದಿದ್ದರೆ ನಾನು ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಬೆಲ್ಲದ ಬಾಗೇವಾಡಿಯ ಗಂಡನ ಮನೆಯಲ್ಲಿ ಅತ್ತೆಯೂ ಇಲ್ಲ, ಮಾವನವರೂ ಇಲ್ಲ. ಮೈದುನಂದಿರ ಸಂಸಾರಗಳೇ ಒಂದರ ಮೇಲೊಂದು ಗುಬ್ಬಿ ಗೂಡಿನಂತೆ ಇದ್ದವು.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದೆ: ‘ಶಿವನೇ, ನಮಗೊಂದು ಮನೆ ಕೊಡು. ಪೂಜೆಗೊಂದು ಮೂಲೆ ಇದ್ದರೆ ಸಾಕು.’ ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಭಕ್ತಳೇ. ಆದರೆ ಎಡಗೈಯಲ್ಲಿ ಲಿಂಗ ಹಿಡಿದೇ ಮೆಲ್ಲಗೆ ಸೇರಿಸುತ್ತಿದ್ದೆ: ‘ಬೀದಿಯ ಕಡೆಗೆ ಒಂದು ಕಿಟಕಿ ಇದ್ದರೆ ಒಳ್ಳೆಯದು. ಕೂಸಿಗೆ ಗಾಳಿ ಬೇಕಲ್ಲ!’ ಕೂಸಿಗೆ ಗಾಳಿಯಂತೆ! ಬೀದಿಯಲ್ಲಿ ಹೋಗುವವರು ಯಾವ ಸೀರೆ ಉಟ್ಟಿದ್ದಾರೆಂದು ನೋಡುವ ಆಸೆ ಯಾರಿಗಿತ್ತೆಂದು ಶಿವನಿಗೆ ಗೊತ್ತಿರಲಿಲ್ಲವೇ?

ಮಾಮಾ ಚಕ್ಕಡಿ ಕಟ್ಟಿದರು. ಮೂಡಲಗಿಯಿಂದ ಬಂದು ನಮ್ಮನ್ನು ಹತ್ತಿಸಿಕೊಂಡು, ಬೆಳ್ಳಿಚುಕ್ಕಿ ಇರುವಾಗಲೇ ಹೊರಟು, ಬಿಸಿಲೇರುವಾಗ ಗೋಕಾಕ ಮುಟ್ಟಿಸಿದರು; ಅಲ್ಲಿ ನಮ್ಮ ಮನೆಯವರೂ ಕೂಡಿಕೊಂಡರು. ದಾರಿಯುದ್ದಕ್ಕೂ ನನಗೆ ಪಾಠ: “ಮನೀಗೂ ಎತ್ತಿಗೂ ಏನ ಫರಕಿಲ್ಲ ಯವ್ವಾ. ಎರಡೂ ಮೈಮ್ಯಾಲಿನ ಬಣ್ಣ ನೋಡಿ ಹಿಡೀಬಾರ್ದು.”

ಮೊದಲ ಮನೆ ಒಬ್ಬ ಅರಿವೆ ಅಂಗಡಿಯ ಸಾವುಕಾರರದು. ಹೆಂಚಿನ ಮನೆ. ಬೀದಿಯ ಕಡೆಗೆ ಕಿಟಕಿ! ಕಿಟಕಿಗೆ ಹಸಿರು ಬಣ್ಣ! ನಾನು ಹೊಸ್ತಿಲು ದಾಟುವ ಮೊದಲೇ ಮನಸ್ಸಿನಲ್ಲಿ ಆ ಕಿಟಕಿಯ ಮುಂದೆ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯಲು ಆರಂಭಿಸಿಬಿಟ್ಟಿದ್ದೆ. ಮಾಮಾ ಒಳಗೆ ಬರಲೇ ಇಲ್ಲ. ಮನೆಯನ್ನು ಬಲಗಡೆಯಿಂದ ಒಂದು ಸುತ್ತು ಹಾಕಿದರು. ಹಿಂದಿನ ಗೋಡೆಯ ಹತ್ತಿರ ನಿಂತು, ಎತ್ತಿನ ತೊಡೆ ತಟ್ಟುವಂತೆ ಅದನ್ನು ಪಟಪಟನೆ ತಟ್ಟಿದರು. ಮೇಲೊಂದು ಕಡೆ ತಂಪು ಹಿಡಿದು ಉಂಗುರದಂತೆ ಕಲೆಯಾಗಿತ್ತು. ಎತ್ತಿನ ಮೈಮೇಲಿನ ಕೆಟ್ಟ ಸುಳಿ ಕಂಡವರಂತೆ ಅದನ್ನು ನೋಡಿ, “ಸುಳಿ ಖೊಟ್ಟಿ ಐತಿ,” ಎಂದರು. ಆಮೇಲೆ ತಲೆಬಾಗಿಲಿಗೆ ಬಂದು ಎರಡೂ ಕದಗಳನ್ನು ಅಗಲ ತೆರೆದು, ಬಗ್ಗಿ, ಹೊಸ್ತಿಲನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಸವರತೊಡಗಿದರು.

“ಏನ ಹುಡುಕಾಕತ್ತೀರ್ರಿ ಯಜಮಾನ್ರ? ಏನರ ಬಿದ್ದೈತೇನು?” ಎಂದರು ಸಾವುಕಾರರು.

“ಹಲ್ಲ ನೋಡಾಕತ್ತೇನ್ರಿ.”

ಸಾವುಕಾರರು ತಮ್ಮ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು.

“ನಿಮ್ಮ ಮನೀದ್ರಿ,” ಎಂದರು ಮಾಮಾ. “ಹೊಸ್ತಿಲಾ ಸವದೇ ಇಲ್ಲ. ಕಟ್ಟಿ ಎಷ್ಟೋ ವರ್ಷಾತು, ಹಲ್ಲ ಮಾತ್ರ ಹಾಲಹಲ್ಲು. ಒಬ್ಬರೂ ಬಂದಿಲ್ಲ, ಹೋಗಿಲ್ಲ.”

ಸಾವುಕಾರರು ಮಾತು ಬದಲಿಸಿ ನನ್ನ ಕಡೆಗೆ ತಿರುಗಿದರು. “ಕೂಸು ಅಳೂದು ಗಿಳೂದು ಭಾಳ ಐತೇನವಾ? ನಮ್ಮವ್ವಗ ನಿದ್ದಿ ಸೂಕ್ಷ್ಮ ನೋಡು.”

ನನ್ನ ಮಗಳ ಅಳುವಿನ ವಿಷಯ ಹೇಳಬೇಕು. ಅವಳು ಅತ್ತರೆ ಧುಪದಾಳದ ಒಡ್ಡಿನ ಮೇಲಿಂದ ನೀರು ಧುಮುಕಿದ ಹಾಗೆ. ಒಮ್ಮೆ ಶುರುವಾದರೆ ಮಳೆಗಾಲ ಮುಗಿದ ಮೇಲೆಯೇ ನಿಲ್ಲುವುದು! ತುಕ್ಕಾನಟ್ಟಿಯಲ್ಲಿ ಇವಳು ಅತ್ತರೆ ಹೊಲದಲ್ಲಿದ್ದ ಗಂಡಸರು ಊಟದ ಹೊತ್ತಾಯಿತೆಂದು ಮನೆಗೆ ಬರುತ್ತಿದ್ದರು. ಇದನ್ನು ನಾನು ಮೊದಲೇ ಯೋಚಿಸಿ, ತೆಳು ಅರಿವೆಯಲ್ಲಿ ಒಂದು ಬೆಲ್ಲದ ಚೂರು ಕಟ್ಟಿ ಅವಳ ಬಾಯಿಗೆ ಕೊಟ್ಟಿದ್ದೆ. ಗಂಡನ ಮನೆ ಬೆಲ್ಲದ ಬಾಗೇವಾಡಿ, ಬೆಲ್ಲಕ್ಕೇನು ಕಡಿಮೆ?

“ಇಲ್ರಿ ಕಾಕಾರ,” ಎಂದೆ, ಸೆರಗಿನೊಳಗಿನಿಂದ. “ದೇವರಂಥಾ ಕೂಸು. ಅಳೂದಂದ್ರ ಏನಂತ ಅದಕ್ಕ ಗೊತ್ತ ಇಲ್ಲ.”

“ಹಂಗ್ಯಾಕಂತಿ ಯವ್ವಾ?” ಎಂದರು ಮಾಮಾ. “ಮಾಲ ತೋರಿಸದ ಸವದಾ ಮಾಡಬಾರ್ದು. ತಡೀರಿ ಸಾವ್ಕಾರ್ರ, ದನಿ ಕೇಳಸ್ತೇನಿ.”

ಹಾಗೆಂದವರೇ ಕೂಸಿನ ಬಾಯಿಯಿಂದ ಬೆಲ್ಲದ ಗಂಟನ್ನು ಟಪಕ್ಕನೆ ಎಳೆದುಬಿಟ್ಟರು! ಮಗಳು ಉಸಿರು ಒಳಗೆ ಎಳೆದುಕೊಂಡಳು. ಮುಂದಿನದನ್ನು ಬರೆಯಲು ಕನ್ನಡದಲ್ಲಿ ಅಕ್ಷರಗಳಿಲ್ಲ. ಹೆಂಚಿನ ಮೇಲಿನ ಪಾರಿವಾಳಗಳು ಹಾರಿಹೋದವು. ಒಳಗಿನಿಂದ ಒಂದು ಮುದಿ ದನಿ, “ಏ ಯಾರಾ ಅವ್ರು, ಹೊರಗ ಹಾಕೋ!” ಎಂದಿತು. ಮಾಮಾ ಮಾತ್ರ ತಲೆ ಓರೆ ಮಾಡಿ, ಅಕ್ಕಪಕ್ಕದ ಮನೆಗಳ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಯಾವ ಬಾಗಿಲೂ ತೆರೆಯಲಿಲ್ಲ. ಎದುರು ಮನೆಯ ಒಂದು ಕಿಟಕಿ ತೆರೆದದ್ದಿತ್ತು. ಅದನ್ನೂ ಯಾರೋ ಮುಚ್ಚಿಕೊಂಡರು.

ಚಕ್ಕಡಿಯಲ್ಲಿ ನಾನು ಅತ್ತೆ. ತಾಯಿ ಮಗಳು ಕೂಡಿಯೇ ಅತ್ತೆವೆನ್ನಿ. “ಮಾಮಾರ, ಹಿಂಗ್ಯಾಕ ಮಾಡಿದ್ರಿ? ಸಿಕ್ಕ ಮನಿ ಕಳದ್ರಿ.”

“ಒದಿಯೋ ಎತ್ತ ಒದಿತೈತಿ ಅಂತ ಹೇಳೇ ಮಾರಬೇಕು ಯವ್ವಾ. ಮುಚ್ಚಿಟ್ಟು ಮಾರಿದ್ರ, ನಾಳೆ ಅದು ಒದ್ದಾಗ ಅವ್ರ ನನಗ ಬಡಿಯಂಗಿಲ್ಲ, ಎತ್ತಿಗೆ ಬಡೀತಾರ.”

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ದಿನವಿಡೀ ಹುಡುಗರಿಗೆ ‘ಬಾಯಿ ಬಿಟ್ಟು ಮಾತಾಡ್ರಿ’ ಎಂದು ಕಲಿಸುವವರು. ಮಾಮಾನ ಮುಂದೆ ಮಾತ್ರ ಅವರ ಸಾಲಿಗೆ ಕಾಯಂ ಸೂಟಿ, ಎಂದೂ ಮುಗಿಯದ ರಜೆ. “ಮಾಮಾ ಅನ್ನೂದು ಖರೆ ಐತಿ,” ಎಂದು ಹೇಳಿ ಎತ್ತಿನ ಬಾಲ ನೋಡತೊಡಗಿದರು.

ಅಂದೇ ಎರಡನೆಯದಾಗಿ ಹೋದದ್ದು ಕಂಚಗಾರರ ಓಣಿಗೆ. ಆ ಮನೆಯ ಎಡಕ್ಕೂ ಬಲಕ್ಕೂ ತಾಮ್ರದ ಕೊಡ ಬಡಿಯುವವರು. ಒಳಗೆ ಕಾಲಿಟ್ಟರೆ ಟಣ್ ಟಣ್ ಟಣ್, ತಲೆಯೊಳಗೇ ಯಾರೋ ಹಂಡೆ ಮಾಡುತ್ತಿದ್ದಾರೇನೋ ಎನ್ನುವ ಹಾಗೆ. ಆದರೆ ಪವಾಡವೇನು ಗೊತ್ತೇ? ನನ್ನ ಮಗಳು ಆ ಸದ್ದಿಗೆ ಕಣ್ಣು ಪಿಳಿಪಿಳಿ ಬಿಟ್ಟು, ಆಕಳಿಸಿ, ನಿದ್ದೆ ಹೋಗಿಬಿಟ್ಟಳು! ತನಗಿಂತ ದೊಡ್ಡ ದನಿಯವರು ಲೋಕದಲ್ಲಿದ್ದಾರೆಂದು ಅವಳಿಗೆ ಅಂದೇ ತಿಳಿದಿರಬೇಕು. ಮನೆಯೊಡೆಯ ಕೈಸನ್ನೆಯಲ್ಲೇ ‘ಬರ್ರಿ, ಇರ್ರಿ’ ಎಂದ. ಅಳುವ ಕೂಸಿನ ಭಯ ಅವನಿಗಿಲ್ಲ; ಗುಡುಗು ಹೊಡೆದರೂ ಅಲ್ಲಿ ಕೇಳಿಸುವಂತಿರಲಿಲ್ಲ. ನಾನು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದೆ. ಕಿಟಕಿ ಇಲ್ಲದಿದ್ದರೆ ಇಲ್ಲ, ನಿದ್ದೆಯಾದರೂ ಸಿಕ್ಕಿತಲ್ಲ!

ಮಾಮಾ ಹೊಸ್ತಿಲು ಸವರಿದರು, ಗೋಡೆ ತಟ್ಟಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು, “ಬ್ಯಾಡ!”

“ಯಾಕ್ರಿ?” ನಾನೂ ಕೂಗಿದೆ. “ಕೂಸು ಮಲಕೊಂಡೈತ್ರಿ!”

“ಅದಕ್ಕ ಬ್ಯಾಡ! ಇಲ್ಲಿ ಅದು ಅತ್ರ ಯಾರಿಗೆ ಕೇಳತೈತಿ?”

ಇದಕ್ಕೇನು ಹೇಳುತ್ತೀರಿ? ಒಂದು ಮನೆ ಕೂಸಿನ ಅಳು ಕೇಳುತ್ತದೆಂದು ಹೋಯಿತು. ಇನ್ನೊಂದು ಕೇಳುವುದಿಲ್ಲವೆಂದು ಹೋಯಿತು! ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುತ್ತಾರೆ. ನಮ್ಮ ಮಾಮಾಗೆ ಮಳೆಯೂ ಕೇಡು, ಬಿಸಿಲೂ ಕೇಡು. “ಅದರ ಮ್ಯಾಲ,” ಎಂದರು ಓಣಿಯ ತುದಿಗೆ ಬಂದ ಮೇಲೆ, “ಅಮಾಸಿ ದಿನ ಇವರೆಲ್ಲಾ ಕೆಲಸಾ ಬಿಡ್ತಾರ. ಅಂದ ನಿನ್ನ ಮಗಳಿಗೆ ಜೋಗುಳಾ ಯಾರ ಹಾಡವ್ರು? ನೀ ಹಂಡೇ ಬಡಕೋಂತ ಕುಂದ್ರತೀ ಏನು?”

ತುಕ್ಕಾನಟ್ಟಿಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಸಿಕ್ತೇನ ಬೇ?”

“ಇಲ್ಲ ಯವ್ವಾ. ಒಂದ ಮನೀಗೆ ಹಲ್ಲ ಬಂದಿಲ್ಲ. ಇನ್ನೊಂದ ಮನಿ ಕಿವುಡ ಐತಿ.”

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಬಾಣಂತಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಳೋ ಏನೋ. ಒಳಗೆ ಹೋಗಿ ನೋಡಿದರೆ ಕೋಣೆಯ ಹೊರಸಿಗೆ ಹೊಸ ಹಗ್ಗ ಬಿಗಿದಿದ್ದರು. ತಂಗಿ ಬರುವ ವಾರ ಗೊತ್ತಾಗಿತ್ತು. ಆ ದಿನ ಪೂಜೆಯಲ್ಲಿ ನಾನು ಕಿಟಕಿಯ ಮಾತು ತೆಗೆಯಲಿಲ್ಲ. ‘ಶಿವನೇ, ತಲೆಯ ಮೇಲೊಂದು ಮಾಳಿಗೆ, ಒಂದು ಸೂರು ಇದ್ದರೆ ಸಾಕು’ ಎಂದೆ. ಬೇಡಿಕೆ ಹೇಗೆ ತಾನಾಗಿಯೇ ಸಣ್ಣದಾಗುತ್ತದೆ ನೋಡಿ! ಇನ್ನೂ ಸ್ವಲ್ಪ ದಿನ ಹೋಗಿದ್ದರೆ ‘ಒಂದು ಗಿಡದ ನೆರಳು ಸಾಕು’ ಎನ್ನುತ್ತಿದ್ದೆನೇನೋ.

ಮೂರನೆಯ ಮನೆ ತೋರಿಸಲು ಕರೆದೊಯ್ದಾಗ ಅಮಾವಾಸ್ಯೆ ತೀರ ಹತ್ತಿರ ಬಂದಿತ್ತು. ಕುಂಬಾರರ ಓಣಿಯಲ್ಲಿ ಮಣ್ಣಿನ ಎತ್ತುಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ಮಾಮಾ ಅಲ್ಲಿಯೂ ನಿಂತು, ಒಂದು ಮಣ್ಣಿನ ಎತ್ತನ್ನು ಎತ್ತಿ ಬಾಯಿ ನೋಡಿ, “ಇದಕ್ಕೂ ಹಲ್ಲ ಮಾಡಿಲ್ಲ ನೋಡ್ರಿ,” ಎಂದು ಕುಂಬಾರತಿಗೆ ತಪ್ಪು ತೋರಿಸಿ ಬಂದರು.

ಮನೆ ನೋಡಿದ ಕೂಡಲೆ ನನ್ನ ಜೀವ ಕುಸಿಯಿತು. ಮಣ್ಣಿನ ಮಾಳಿಗೆ. ಬಾಗಿಲು ಎಷ್ಟು ಗಿಡ್ಡವೆಂದರೆ ನಮ್ಮ ಮನೆಯವರು ಒಳಗೆ ಹೋಗುವಾಗ ತಲೆ ಬಡಿಸಿಕೊಂಡರು, ಹೊರಗೆ ಬರುವಾಗ ಮರೆಯದೆ ಮತ್ತೊಮ್ಮೆ ಬಡಿಸಿಕೊಂಡರು. ಕಿಟಕಿ ಎಂಬ ಮಾತೇ ಇಲ್ಲ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಹೊಸ್ತಿಲಂತೂ ನಡುವೆ ಸವೆದು ಸವೆದು ತೊಟ್ಟಿಲಿನಂತೆ ಬಾಗಿತ್ತು. ಇವೆಲ್ಲದಕ್ಕೆ ಕಿರೀಟವೆಂಬಂತೆ, ಪಕ್ಕದ ಮನೆಯೊಂದಿಗೆ ಹಂಚಿಕೊಂಡ ನಡುಗೋಡೆಯ ಮಾಡದಲ್ಲಿ ಒಂದು ತೂತು! ಯಾವ ಕಾಲಕ್ಕೋ ಎರಡೂ ಕಡೆ ದೀಪ ಇಡಲು ಮಾಡಿದ ಮಾಡಗಳು. ನಡುವಿನ ಮಣ್ಣು ಬಿದ್ದು ಈಚೆಯಿಂದ ಆಚೆಗೆ ತೆರೆದುಕೊಂಡಿತ್ತು. ಬಗ್ಗಿ ನೋಡಿದರೆ ಆ ಕಡೆಯಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು!

ನಾನು ಕಿಟಾರನೆ ಕಿರುಚಿದೆ. ಕೂಸು ಎಚ್ಚತ್ತಿತು. ಈ ಸಲ ಬೆಲ್ಲ ಎಳೆಯುವ ಕೆಲಸ ಮಾಮಾಗೆ ಬೀಳಲಿಲ್ಲ, ನಾನೇ ಗಾಬರಿಯಲ್ಲಿ ಕೆಡವಿದ್ದೆ. ಒಡ್ಡು ತುಂಬಿ ಧುಮುಕಿತು.

ನೀವು ನಂಬುತ್ತೀರೋ ಇಲ್ಲವೋ, ನಾನು ಕೂಸನ್ನು ಹೆಗಲಿಗೆ ಹಾಕಿಕೊಳ್ಳುವುದರೊಳಗೆ ಒಬ್ಬ ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ಜೋಳದ ಹಿಟ್ಟು. ಅವಳ ಹಿಂದೆ ಎದುರುಮನೆಯವಳು, ಅವಳ ಹಿಂದೆ ಸೊಂಟದಲ್ಲಿ ತನ್ನದೇ ಕೂಸು ಇಟ್ಟುಕೊಂಡ ಇನ್ನೊಬ್ಬಳು. “ಯಾರವ್ವಾ ಅಕಿ, ಕೂಸಿನ ಜೀವಾ ತಗಿಯಾಕತ್ತಾಕಿ?” ಎನ್ನುತ್ತ ಮುದುಕಿ ನನ್ನ ಕೈಯಿಂದ ಮಗಳನ್ನು ಕಿತ್ತುಕೊಂಡಳು. ಕೇಳಲಿಲ್ಲ, ಹೇಳಲಿಲ್ಲ! ಹೊಟ್ಟೆ ಒತ್ತಿ ನೋಡಿದಳು, ವಸಡಿನ ಮೇಲೆ ಬೆರಳಾಡಿಸಿದಳು. “ಹಲ್ಲ ಬರಾಕತ್ತಾವ. ಇದಕ್ಕ ಬೆಲ್ಲಾ ತಿನಸ್ತಾರೇನ? ನಿಮ್ಮವ್ವ ನಿನಗ ಏನೂ ಕಲಿಸಿಲ್ಲೇನ?” ನನಗೆ ಮೈಯೆಲ್ಲ ಉರಿಯಿತು. ಮಗಳು ಮಾತ್ರ ಹಿಟ್ಟಿನ ಬೆರಳನ್ನು ಚೀಪುತ್ತ ಸುಮ್ಮನಾದಳು. ಹೆಣ್ಣುಮಕ್ಕಳೆಂದರೆ ಹೀಗೆ ನೋಡಿ. ಆರು ತಿಂಗಳಿಗೇ ಪಕ್ಷ ಬದಲಿಸುತ್ತಾರೆ!

ಆಕೆಯೇ ಮನೆಯೊಡತಿ. ವಿಧವೆ, ಗೋಡೆಯ ಆ ಕಡೆಯ ಕಣ್ಣೂ ಅವಳದೇ.

ಮಾಮಾನ ಮುಖ ನೋಡಬೇಕಿತ್ತು. ಪೇಟೆಯಲ್ಲಿ ಎಂದೂ ಸಿಗದ ಜೋಡಿ ಎತ್ತು ಸಿಕ್ಕವರಂತೆ ಹೊಸ್ತಿಲನ್ನು ಸವರಿ, “ಬಾಯಿಗೂಡಿದ ಮನಿ!” ಎಂದರು, ಹಲ್ಲೆಲ್ಲ ಬಂದು ಬಲಿತ ಎತ್ತಿಗೆ ಹೇಳುವಂತೆ. ಗೋಡೆಯ ತೂತಿನಲ್ಲಿ ಕೈ ಹಾಕಿ, “ಇದ ನೋಡ್ರಿ ಸುಳಿ ಅಂದ್ರ. ರಾಜಾ ಸುಳಿ!” ಎಂದರು. ನಾನು ಅವರ ಅಂಗಿಯ ತುದಿ ಎಳೆದೆ. “ಮಾಮಾರ, ಗೋಡಿ ತೂತ ಐತ್ರಿ. ಕಿಟಕಿ ಇಲ್ರಿ. ಮುದಕಿ ಬಾಯಿ ಜೋರ ಐತ್ರಿ.”

“ಬಾಯಿ ಜೋರಿದ್ದವ್ರ ಕಿವೀನೂ ಚುರುಕಿರತಾವ ಯವ್ವಾ. ಸವದಾ ಮಾಡು.”

ಸವದಾ ಮಾಡಬೇಕಾದ್ದು ನಾನೇ! ಏಕೆಂದರೆ ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ವಲ್ಲಿಯ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ತಿಳಿಸುವುದು. ಮಾಮಾ ಜನ್ಮದಲ್ಲಿ ಬೇರೆ ಥರ ವ್ಯಾಪಾರ ಮಾಡಿದವರಲ್ಲ. ಪರ ಹೆಣ್ಣುಮಗಳ ಕೈ ಹಿಡಿಯುವ ಹಾಗೂ ಇಲ್ಲ. ಹೀಗಾಗಿ ತಮ್ಮ ವಲ್ಲಿಯನ್ನು ನನ್ನ ಮತ್ತು ಮುದುಕಿಯ ಕೈಗಳ ಮೇಲೆ ಹೊದಿಸಿ, ತಾವು ಗೋಡೆಯ ಕಡೆಗೆ ಮುಖ ಮಾಡಿ ನಿಂತುಬಿಟ್ಟರು. ಮುದುಕಿ ನಗಲಿಲ್ಲ. “ನನ್ನ ಗಂಡಾನೂ ಪ್ಯಾಟ್ಯಾಗ ಬೆಳದಾಂವನ,” ಎಂದು ಕೈ ಚಾಚಿದಳು. ನನಗೆ ಆ ಬೆರಳಿನ ಭಾಷೆ ಎಲ್ಲಿಂದ ಬರಬೇಕು? ವಲ್ಲಿಯ ಕೆಳಗೆ ಅವಳ ಒರಟು ಕೈ ಸಿಕ್ಕಿತು. ನಾನು ನೀರಲ್ಲಿ ಮುಳುಗುವವಳಂತೆ ಅದನ್ನು ಪೂರ್ತಿಯಾಗಿ, ಐದೂ ಬೆರಳು ಸೇರಿಸಿ, ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದವಳು ಬಿಡಲೇ ಇಲ್ಲ.

ಮುದುಕಿ ನನ್ನ ಮುಖ ನೋಡಿದಳು. “ಯವ್ವಾ, ನೀ ಮನಿ ಬಾಡಗಿ ಹಿಡ್ಯಾಕ ಬಂದೀಯೋ, ನನ್ನ ಹಿತ್ತಲಾ ಸುದ್ದಾ ಖರೀದಿ ಮಾಡಾಕ ಬಂದೀಯೋ? ಇಷ್ಟ ಕೊಟ್ರ ನಾನ ಮನಿ ಬಿಟ್ಟ ಕಾಶಿಗೆ ಹೋಗ್ತೇನಿ!”

ಹೊಸ್ತಿಲಲ್ಲಿ ನಿಂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ನನ್ನ ಮಗಳೂ ನಕ್ಕಳು, ಹಲ್ಲಿಲ್ಲದ ಬಾಯಿಯಲ್ಲಿ. ಆಮೇಲೆ ಮುದುಕಿ ತಾನೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಾಸ್ತರರ ಪಗಾರಕ್ಕೆ ತಡೆಯುವಷ್ಟನ್ನು ಮಾತ್ರ ಒತ್ತಿ, “ಇಷ್ಟ ಸಾಕು. ನಾಳೆ ಹಾಲ ಉಕ್ಕಸು,” ಎಂದಳು.

ಮನೆ ಹೊಕ್ಕೆವು. ಅಮಾವಾಸ್ಯೆಯ ಹಿಂದಿನ ದಿನ, ಶಿವನ ದಯೆ. ಮಾಮಾ ತೊಲೆಗೆ ತೊಟ್ಟಿಲು ಕಟ್ಟಿ ಮೂಡಲಗಿಗೆ ಹೋದರು. ನಾನು ಮೊದಲು ಮಾಡಿದ ಕೆಲಸವೆಂದರೆ, ಒಂದು ಹಳೆಯ ಸೀರೆಯ ತುಂಡನ್ನು ಸುತ್ತಿ ಗೋಡೆಯ ತೂತಿಗೆ ತುರುಕಿದ್ದು. ಸ್ವಲ್ಪ ಹೊತ್ತಿಗೆ ಆ ಅರಿವೆ ತಾನಾಗಿ ಆ ಕಡೆಗೆ ಸರಿಯತೊಡಗಿತು. ನಾನು ಈ ಕಡೆಗೆ ಎಳೆದೆ. ಆ ಕಡೆಯಿಂದಲೂ ಎಳೆದರು. ಕಡೆಗೆ ಅರಿವೆ ಪೂರ್ತಿ ಆ ಕಡೆಗೆ ಹೋಯಿತು, ತೂತಿನಿಂದ ದನಿ ಬಂತು: “ನಿನ್ನ ಅರವೀ ನಾ ಒಗದ ಕೊಡ್ತೇನಿ. ತೂತ ಮುಚ್ಚಬ್ಯಾಡ.”

ನನ್ನ ಸಿಟ್ಟೆಲ್ಲ ಮನೆಯವರ ಮೇಲೆ ಹೋಯಿತು. “ನಿಮ್ಮ ಮಾಮಾನ ಹುಚ್ಚಿನಿಂದ ಗೋಡಿ ಇಲ್ಲದ ಮನ್ಯಾಗ ಸಂಸಾರ ಮಾಡೂದಾತು ನೋಡ್ರಿ,” ಎಂದೆ.

ಅವರು ಗೂಟಕ್ಕೆ ಅಂಗಿ ಹಾಕುತ್ತಿದ್ದರು. ಹಾಗೇ ನಿಂತರು. “ಆ ಹುಚ್ಚಿನಿಂದ ನಾ ಉಳದೇನಿ,” ಎಂದರು.

ಆಮೇಲೆ ಹೇಳಿದರು. ಅವರು ಮೊಲೆ ಕುಡಿಯುವ ಕೂಸಾಗಿದ್ದಾಗ ಹುಕ್ಕೇರಿಯಲ್ಲಿ ಒಂದು ದೊಡ್ಡ ವಾಡೆಯ ಒಳಗೆ ಬಾಡಿಗೆ ಕೋಣೆಯಲ್ಲಿದ್ದರಂತೆ. ಒಳ್ಳೆಯ ಕಲ್ಲಿನ ಗೋಡೆ, ದಪ್ಪ ಕದ. ಊರಲ್ಲಿ ಎಲ್ಲರೂ ಹೊಗಳುವ ಮನೆ. ಪ್ಲೇಗಿಗೆ ಹೆದರಿ ಅರ್ಧ ಊರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಅದು. ಮಾವನವರು ಊರಲ್ಲಿರಲಿಲ್ಲ. ಅತ್ತೆಗೆ ಜ್ವರ ಬಂದು ಎಚ್ಚರ ತಪ್ಪಿತು. ಕೂಸು ಅತ್ತಿತು, ಅಳುತ್ತಲೇ ಇತ್ತು. ಆ ಗೋಡೆಗಳ ಹೊರಗೆ ಯಾರಿಗೂ ಕೇಳಲಿಲ್ಲ. ಮಾಮಾ ಆಗ ಮೀಸೆ ಮೂಡುತ್ತಿದ್ದ ಹುಡುಗ. ಪೇಟೆಯಿಂದ ಎಂದಿನಂತೆ ಎತ್ತು ಮಾರದೆ ಮರಳಿದವರು, ಅದಕ್ಕೆ ನೀರು ಕುಡಿಸೋಣವೆಂದು ಅಕ್ಕನ ಮನೆಯ ಕಡೆಗೆ ತಿರುಗಿದರಂತೆ. ವಾಡೆಯ ಬಾಗಿಲು ತಳ್ಳಿದಾಗ ಕೂಸಿನ ಗಂಟಲು ಬಿದ್ದುಹೋಗಿ, ಬೆಕ್ಕಿನ ಮರಿ ಗುರುಗುಟ್ಟಿದಷ್ಟೇ ಸದ್ದು ಉಳಿದಿತ್ತಂತೆ. ಅಕ್ಕನನ್ನೂ ಕೂಸನ್ನೂ ಚಕ್ಕಡಿಯಲ್ಲಿ ಹಾಕಿಕೊಂಡು ಬೆಲ್ಲದ ಬಾಗೇವಾಡಿಗೆ ತಂದರು. ಶಿವ ದೊಡ್ಡವನು, ಅತ್ತೆ ಬದುಕಿದರು.

“ಆ ಎತ್ತ ಅಂದು ಮಾರಿದ್ರ,” ಎಂದರು ನಮ್ಮ ಮನೆಯವರು, “ಮಾಮಾ ಸೀದಾ ಮೂಡಲಗಿಗೆ ಹೋಗತಿದ್ದಾ.”

ಕೂಸಿನ ಬಾಯಿಯಿಂದ ಬೆಲ್ಲ ಎಳೆದು, ತಲೆ ಓರೆ ಮಾಡಿ, ಅಕ್ಕಪಕ್ಕದ ಬಾಗಿಲು ನೋಡುತ್ತ ನಿಂತ ಮುದಿ ಮುಖ ನನ್ನ ಕಣ್ಣ ಮುಂದೆ ಬಂತು. ನಾನು ಮನೆ ಹುಡುಕುತ್ತಿದ್ದೆ, ಅವರು ಕಿವಿ ಹುಡುಕುತ್ತಿದ್ದರು. ಮುಖಕ್ಕೆ ಸೆರಗು ಹಚ್ಚಿಕೊಂಡು ಕುಳಿತೆ. ತೂತಿನಿಂದ ದನಿ ಬಂತು: “ಮಾಸ್ತರ, ಅಕೀನ್ಯಾಕ ಅಳಸಾಕತ್ತೀರಿ?”

ತೂತನ್ನು ಮತ್ತೆ ಮುಚ್ಚಲಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಗೋಡೆಯೇ ನನ್ನ ಮಗಳಿಗೆ ಜೋಗುಳ ಹಾಡುತ್ತಿತ್ತು. ನನಗೆ ಜ್ವರ ಬಂದ ದಿನ ಗೋಡೆಯೇ ಗಂಜಿ ಕೊಟ್ಟಿತು, ಜೊತೆಗೆ ಬೈಗಳನ್ನೂ. ಎಷ್ಟು ಬಟ್ಟಲು ಉಪ್ಪು, ಎಷ್ಟು ಕೆಂಡ, ಎಷ್ಟು ಚಾಡಿ ಆ ತೂತಿನಲ್ಲಿ ಹಾದುಹೋದವೆಂದು ಶಿವನೇ ಬಲ್ಲ. ಬೀದಿಯಲ್ಲಿ ಯಾರು ಯಾವ ಸೀರೆ ಉಟ್ಟು ಹೋದರೆಂಬ ಸುದ್ದಿಯೂ ಅದರಿಂದಲೇ ಬರುತ್ತಿತ್ತು. ಕೇಳಿದ ಕಿಟಕಿಯನ್ನು ಶಿವ ಕೊಡಲಿಲ್ಲವೆಂದು ಯಾವ ಬಾಯಿಂದ ಹೇಳಲಿ?

ವರ್ಷಗಳು ಹೋದವು. ನಾವು ಆ ಮನೆ ಬಿಡಲಿಲ್ಲ. ನಮ್ಮ ಮನೆಯವರು ತಲೆ ಬಡಿಸಿಕೊಳ್ಳುವುದನ್ನೂ ಬಿಡಲಿಲ್ಲ. ಮಾಮಾಗೆ ವಯಸ್ಸಾಯಿತು, ಎತ್ತುಗಳನ್ನು ಯಾರಿಗೋ ಪುಕ್ಕಟೆ ಕೊಟ್ಟು ನಮ್ಮಲ್ಲಿಗೆ ಬಂದುಬಿಟ್ಟರು. ಕೊಡುವಾಗಲೂ ಅವುಗಳ ಕೊರತೆಗಳನ್ನೆಲ್ಲ ಹೇಳಿದ್ದರಿಂದ, ಪುಕ್ಕಟೆ ಒಯ್ಯುವವರು ಸಿಗುವುದೂ ಕಷ್ಟವಾಗಿತ್ತಂತೆ! ಬಂದವರ ಕಿವಿ ಮೆಲ್ಲಮೆಲ್ಲನೆ ಮಂದವಾಗಿ, ಪೂರ್ತಿ ಹೋಯಿತು. ತೂತಿನಿಂದ ಮುದುಕಿ, “ಯಜಮಾನ್ರ, ಚಾ ಕುಡೀತೀರೇನು?” ಎಂದರೆ ಇವರು, “ಹೌದ್ರಿ, ಈ ಸಲ ಮಳಿ ತಡಾ ಆತು,” ಎನ್ನುವರು. ಅದೇ ಹೊತ್ತಿಗೆ ನನಗೆ ಮಗ ಹುಟ್ಟಿದ.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದೆ. ಮಾಮಾ ಕೂಗಿದರು: “ಯವ್ವಾ, ಬಾ. ಕೂಸು ಅಳತೈತಿ.”

ನನಗೇನೂ ಕೇಳಿರಲಿಲ್ಲ. ಕಿವುಡರಿಗೆ ಏನೇನೋ ಕೇಳಿಸುತ್ತದೆ ಎಂದುಕೊಂಡು, ನಗುತ್ತಲೇ ಎದ್ದು ಹೋದೆ. ಮಾಮಾ ತೊಟ್ಟಿಲ ಪಕ್ಕದಲ್ಲಿ ನೆಲಕ್ಕೆ ಕುಳಿತು, ಒಂದು ಕೈಯನ್ನು ಒಳಗೆ ಬಿಟ್ಟಿದ್ದರು. ಆ ಕೈಯ ಮೇಲೆ ಅದೇ ಹಳೆಯ ವಲ್ಲಿ. ಮೆಲ್ಲಗೆ ವಲ್ಲಿಯನ್ನು ಸರಿಸಿ ನೋಡಿದೆ. ಕೂಸು ತನ್ನ ಮುಷ್ಟಿಯಲ್ಲಿ ಅವರ ಬೆರಳನ್ನು ಹಿಡಿದುಕೊಂಡಿತ್ತು. ನಾನು ನೋಡುತ್ತಿರುವಂತೆಯೇ ಆ ಮುಷ್ಟಿ ಇನ್ನಷ್ಟು ಬಿಗಿಯಿತು, ತುಟಿ ಕೆಳಗೆ ಬಾಗಿತು. ಅಳು ಇನ್ನೂ ಹುಟ್ಟಿರಲಿಲ್ಲ.

ಗೋಡೆಯ ಆಚೆಯ ಚುರುಕು ಕಿವಿಗೂ ಕೇಳುವ ಮೊದಲೇ ನಾನು ಮಗನನ್ನು ಎತ್ತಿಕೊಂಡೆ. ಮಾಮಾ ಬರಿದಾದ ಬೆರಳನ್ನು ಒಮ್ಮೆ ನೋಡಿ, ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಸವದಾ ಮುಗಿದವರಂತೆ ಗೋಡೆಗೆ ಒರಗಿದರು.